ಬೆಳಗ್ಗೆ ಮಾತ್ರ ಕೈಕೊಡುತ್ತಿದ್ದ ಇಂಟರ್ನೆಟ್

ನನಗೆ ಕೋಪ ಬೇಗ ಬರುತ್ತದೆ. ಬಂದಷ್ಟೇ ಬೇಗ ಇಳಿಯುತ್ತದೆ ಎಂದು ನನ್ನನ್ನು ನಾನೇ ಸಮರ್ಥಿಸಿಕೊಳ್ಳುತ್ತಿದ್ದೆ. ಇಳಿಯುವುದು ನನಗೆ. ಎದುರಿಗೆ ನಿಂತು ಕೇಳಿಸಿಕೊಂಡವರಿಗೆ ಇಳಿಯಿತೋ ಇಲ್ಲವೋ ಎಂದು ನಾನು ತಿರುಗಿ ನೋಡಿದವಳಲ್ಲ. ನಮ್ಮ ಮನೆಯ ಇಂಟರ್ನೆಟ್ ಕೆಟ್ಟ ಆ ಒಂದು ವರ್ಷದ ಬಗ್ಗೆ ಬರೆಯಲು ಕೂತಾಗ, ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು ಅನ್ನಿಸಿತು.

ಶಕ್ತಿನಗರದಲ್ಲಿ ಗುಡ್ಡದ ಬುಡಕ್ಕೆ ತಾಗಿಕೊಂಡು ನಮ್ಮ ಮನೆ ಇದೆ. ಗುಡ್ಡ ಅಡ್ಡ ಇರುವುದರಿಂದ ಒಳಗೆ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ, ಫೋನಿನಲ್ಲಿ ಮಾತಾಡಬೇಕಾದರೂ ವೈಫೈಯೇ ಗತಿ. ಮನೆಯಲ್ಲಿ ನಾನು ಮತ್ತು ಅಮ್ಮ, ಇಬ್ಬರೇ. ನನ್ನ ಗಂಡ ಹಡಗಿನ ಎಂಜಿನ್ ರೂಮಿನಲ್ಲಿ ಕೆಲಸ ಮಾಡುವವರು, ವರ್ಷದಲ್ಲಿ ಎಂಟು ತಿಂಗಳು ನೀರಿನ ಮೇಲೆ. ಅಮ್ಮ ನದಿಯಾಚೆ, ಕಡಲಂಚಿನ ಬೆಂಗ್ರೆಯವಳು. ಅಪ್ಪ ಬೋಟಿಗೆ ಹೋಗುತ್ತಿದ್ದ ಕಾಲದಿಂದಲೂ ಅವಳು ತಲೆಯ ಮೇಲೆ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರಿದವಳು. ಅಪ್ಪ ತೀರಿಕೊಂಡ ಮೇಲೆ ಅವಳನ್ನು ಇಲ್ಲಿಗೆ ಕರೆದುಕೊಂಡು ಬಂದೆ. ಸುಮ್ಮನೆ ಕೂರುತ್ತಾಳೆ ಅಂದುಕೊಂಡಿದ್ದೆ. ತಿಂಗಳೊಳಗೆ ಶಕ್ತಿನಗರದಲ್ಲೂ ಇಪ್ಪತ್ತು ಮನೆ ಹಿಡಿದಿದ್ದಳು. ಅಲ್ಲಿ ಯಾರ ಮನೆಯ ಅಜ್ಜನಿಗೆ ಮುಳ್ಳಿಲ್ಲದ ಮೀನು ಬೇಕು, ಯಾರ ಮನೆಯ ಬಾಣಂತಿಗೆ ಯಾವುದು ಆಗುವುದಿಲ್ಲ ಎಂಬುದೆಲ್ಲ ಅವಳಿಗೆ ಬಾಯಿಪಾಠ.

ನನ್ನದು ಮಾತಿನ ಕೆಲಸ. ಸರಕು ಸಾಗಿಸುವ ಒಂದು ಕಂಪೆನಿಯ ಗಿರಾಕಿಗಳು ತಮ್ಮ ಪಾರ್ಸೆಲ್ ಎಲ್ಲಿಗೆ ಹೋಯಿತು ಎಂದು ಕೇಳಿ ಕರೆ ಮಾಡುತ್ತಾರೆ. ಕಿವಿಗೆ ಹೆಡ್‌ಸೆಟ್ ಹಾಕಿಕೊಂಡು ಸ್ಕ್ರೀನ್ ನೋಡುತ್ತಾ ಅವರನ್ನು ಸಮಾಧಾನ ಮಾಡಬೇಕು. ಮೊದಲು ನಗರದಲ್ಲೇ ಆಫೀಸು ಇತ್ತು. ಆಮೇಲೆ ಅದನ್ನು ಮುಚ್ಚಿ, ಮನೆಯಿಂದಲೇ ಮಾಡಿ ಎಂದರು. ಬೆಳಗ್ಗೆ ಎಂಟಕ್ಕೆ ಸರಿಯಾಗಿ ಕೂರಬೇಕು. ಊರವರಿಗೆಲ್ಲ ಜೇನು ಹಂಚಿ ಮನೆಯವರಿಗೆ ಖಾಲಿ ಬಾಟ್ಲಿ ತೋರಿಸುವ ಕೆಲಸ ನಿನ್ನದು ಎಂದು ಗಂಡ ತಮಾಷೆ ಮಾಡುವುದುಂಟು. ಆಗ ನಾನೂ ನಗುತ್ತಿದ್ದೆ.

ಎರಡು ವರ್ಷದ ಹಿಂದೆ ಅಮ್ಮನ ಮೊಣಕಾಲು ಊದಿಕೊಂಡಿತು. ಇನ್ನು ತಲೆಹೊರೆ ಬೇಡ, ಗುಡ್ಡ ಹತ್ತಿ ಇಳಿಯುವುದು ಬೇಡವೇ ಬೇಡ ಎಂದರು ಡಾಕ್ಟರು. ಒಂದು ತಿಂಗಳು ಅಮ್ಮ ಸಪ್ಪೆ ಮುಖ ಮಾಡಿಕೊಂಡು ಟಿ.ವಿ. ಮುಂದೆ ಕೂತಳು. ಆಮೇಲೆ ಅವಳೂ ಅವಳ ತಂಗಿಯೂ ಸೇರಿ ಒಂದು ಉಪಾಯ ಹೂಡಿದರು. ಚಿಕ್ಕಮ್ಮ ಇನ್ನೂ ಬೆಂಗ್ರೆಯಲ್ಲೇ ಇರುವವಳು. ದಿನಾ ಬೆಳಗ್ಗೆ ಫೆರಿ ಹತ್ತಿ ದಕ್ಕೆಗೆ, ಅಂದರೆ ಬೋಟುಗಳು ಮೀನು ಇಳಿಸುವ ಜಾಗಕ್ಕೆ ಬಂದು, ಏಲಂನಲ್ಲಿ ಮೀನು ಕೊಳ್ಳುತ್ತಾಳೆ. ಎಂಟು ಗಂಟೆಯ ಹೊತ್ತಿಗೆ ಅವಳು ಅಲ್ಲಿಂದ ಅಮ್ಮನಿಗೆ ವಿಡಿಯೋ ಕಾಲ್ ಮಾಡುವುದು ಎಂದಾಯಿತು.

ಅಡುಗೆಮನೆಯಲ್ಲಿ ಸಕ್ಕರೆ ಡಬ್ಬಕ್ಕೆ ಫೋನ್ ಒರಗಿಸಿಟ್ಟು, ಕಾಲು ಚಾಚಿ ಕೂತು, ಅಮ್ಮ ಅಲ್ಲಿಂದಲೇ ದಕ್ಕೆಯನ್ನು ಆಳುತ್ತಿದ್ದಳು. ಕಿವಿರು ಎತ್ತಿ ತೋರಿಸು ಎನ್ನುವಳು. ಹೊಟ್ಟೆಯನ್ನು ಬೆರಳಿನಿಂದ ಒತ್ತಿ ಬಿಡು, ಗುಳಿ ವಾಪಸು ತುಂಬುತ್ತದಾ ನೋಡುವ ಎನ್ನುವಳು. ಗುಳಿ ತುಂಬದಿದ್ದರೆ ಆ ಮೀನಿಗೆ ಅಲ್ಲಿಗೇ ರಜೆ. ಹೀಗೆ ನೋಡಿ ಮುಗಿದ ಮೇಲೆ ತನ್ನ ಇಪ್ಪತ್ತು ಮನೆಗಳಿಗೂ ವಾಯ್ಸ್ ಮೆಸೇಜ್ ಹೋಗುತ್ತಿತ್ತು: ಇವತ್ತು ಕಾಣೆ ಮೀನು ಒಳ್ಳೆಯದುಂಟು, ಅಂಜಲ್ ಬೇಡ, ಬಂಗುಡೆ ಬೇಕಾದರೆ ಬೇಗ ಹೇಳಿ. ಅವರು ಹೇಳಿದಷ್ಟನ್ನು ಚಿಕ್ಕಮ್ಮ ರಿಕ್ಷಾದಲ್ಲಿ ಕಳಿಸಿಕೊಡುತ್ತಿದ್ದಳು. ಹತ್ತೂವರೆಗೆ ನಮ್ಮ ಗೇಟಿನ ಎದುರು ಹೆಂಗಸರು ಪಾತ್ರೆ ಹಿಡಿದು ನಿಂತಿರುತ್ತಿದ್ದರು. ಫೋಟೋ ತರಿಸಿಕೊಂಡರೆ ಸಾಕಲ್ಲ ಎಂದು ಒಮ್ಮೆ ಕೇಳಿದ್ದೆ. ಫೋಟೋದಲ್ಲಿ ಗುಳಿ ತುಂಬುವುದು ಕಾಣುತ್ತದಾ ಎಂದು ತಿರುಗಿ ಕೇಳಿದಳು. ತಾನು ಕಣ್ಣಾರೆ ನೋಡದ ಮೀನನ್ನು ಒಳ್ಳೆಯದು ಎಂದು ಇನ್ನೊಬ್ಬರಿಗೆ ಹೇಳುವುದು ಅವಳಿಂದ ಆಗದ ಮಾತಾಗಿತ್ತು.

ಈ ಮೆಸೇಜುಗಳ ನಡುವೆಯೇ ಅವಳು ಬಟ್ಟೆಯನ್ನೂ ಒಗೆದು ಮುಗಿಸುತ್ತಿದ್ದಳು. ಮನೆಯಲ್ಲಿ ವಾಷಿಂಗ್ ಮೆಷಿನ್ ಇದೆ. ಆದರೆ ಜೀವಮಾನವೆಲ್ಲ ಮೀನಿನ ವಾಸನೆಯೊಂದಿಗೆ ಬದುಕಿದವಳಿಗೆ ಕಲ್ಲಿಗೆ ಬಡಿಯದ ಬಟ್ಟೆ ಶುದ್ಧವಾಯಿತು ಎಂಬ ನಂಬಿಕೆ ಬರುವುದಿಲ್ಲ. ನನ್ನ ಬಟ್ಟೆಯನ್ನೂ ಅವಳೇ ಒಗೆಯುತ್ತಿದ್ದಳು. ಬೇಡ ಎನ್ನುವಷ್ಟು ಪುರುಸೊತ್ತು ನನಗೆ ಇರಲಿಲ್ಲ.

ತೊಂದರೆ ಶುರುವಾದದ್ದು ಆ ಡಿಸೆಂಬರಿನಲ್ಲಿ. ಬೆಳಗ್ಗೆ ಎಂಟೂವರೆ ಎಂಟೂಮುಕ್ಕಾಲಿಗೆ ಗಿರಾಕಿಯ ಮಾತು ಅರ್ಧಕ್ಕೆ ನಿಲ್ಲುತ್ತಿತ್ತು. ಮೂರು ಸೆಕೆಂಡು ಮೌನ. ಮತ್ತೆ ಹಿಂದೆ ಉಳಿದ ಮಾತುಗಳೆಲ್ಲ ಒಟ್ಟಿಗೆ ದಡಬಡ ಎಂದು ಕಿವಿಗೆ ಬೀಳುತ್ತಿದ್ದವು. ನಾನು ಹಲೋ ಹಲೋ ಎನ್ನುವುದು, ಅವರು ಬೈಯುವುದು, ಕರೆ ಕಟ್ಟಾಗುವುದು. ಐದು ನಿಮಿಷ ಚೆನ್ನಾಗಿದ್ದು ಮತ್ತೆ ಅದೇ ಕತೆ. ಹನ್ನೊಂದೂವರೆ ದಾಟಿದ ಮೇಲೆ ಏನೂ ಆಗದ ಹಾಗೆ ಎಲ್ಲ ಸರಿಯಾಗುತ್ತಿತ್ತು. ಪೂರ್ತಿ ಕೆಟ್ಟರೆ ಕೆಟ್ಟಿದೆ ಎಂದಾದರೂ ಹೇಳಬಹುದು. ಇದು ಕೆಟ್ಟದ್ದೂ ಅಲ್ಲ, ನೆಟ್ಟಗಿದ್ದದ್ದೂ ಅಲ್ಲ. ಎರಡೇ ವಾರದಲ್ಲಿ ಸೂಪರ್‌ವೈಸರ್ ಕರೆದು, ನಿಮ್ಮ ಧ್ವನಿ ತುಂಡಾಗುತ್ತಿದೆ ಎಂಬ ದೂರು ಹೆಚ್ಚಾಗಿದೆ, ಹೀಗೆ ಮುಂದುವರಿದರೆ ನಿಮ್ಮನ್ನು ಇಟ್ಟುಕೊಳ್ಳುವುದು ಕಷ್ಟ ಎಂದರು.

ನಾನು ಮಾಡದ ಪ್ರಯೋಗವಿಲ್ಲ. ರೂಟರನ್ನು ಆರಿಸಿ ಹೊತ್ತಿಸಿದೆ. ಕಪಾಟಿನ ಮೇಲಿಂದ ತೆಗೆದು ಕಿಟಕಿಯ ಬಳಿ ಇಟ್ಟೆ, ಅಲ್ಲಿಂದ ನನ್ನ ಮೇಜಿಗೇ ತಂದೆ. ವೈಫೈ ಬಿಟ್ಟು ಲ್ಯಾಪ್‌ಟಾಪಿಗೆ ನೇರ ವಯರು ಚುಚ್ಚಿದೆ. ಕಂಪ್ಲೇಂಟ್ ಕೊಟ್ಟರೆ ಇಂಟರ್ನೆಟ್‌ನವರು ಬರುತ್ತಿದ್ದುದು ಮಧ್ಯಾಹ್ನ ಎರಡರ ಮೇಲೆ, ಊಟ ಮುಗಿಸಿ. ಆ ಹೊತ್ತಿಗೆ ಸ್ಪೀಡ್ ನೋಡಿದರೆ ಕುದುರೆ ಓಡಿದ ಹಾಗೆ ಓಡುತ್ತಿತ್ತು. ಎಲ್ಲ ಸರಿ ಉಂಟಲ್ಲ ಮೇಡಂ ಎಂದು ನನ್ನ ಮುಖ ನೋಡುತ್ತಿದ್ದರು. ಒಮ್ಮೆ ಅಡಾಪ್ಟರ್ ಬದಲಿಸಿದರು, ಒಮ್ಮೆ ರೂಟರನ್ನೇ ಬದಲಿಸಿದರು. ಮರುದಿನ ಬೆಳಗ್ಗೆ ಪುನಃ ಹಲೋ ಹಲೋ.

ಕೊನೆಗೆ ಒಂದು ನೋಟುಬುಕ್ ಇಟ್ಟೆ. ಯಾವುದೇ ಸಮಸ್ಯೆಯನ್ನು ಬರೆದಿಟ್ಟು ನೋಡಬೇಕು ಎಂದು ಕೆಲಸದಲ್ಲಿ ಕಲಿಸಿದ್ದರು. ಎಷ್ಟು ಹೊತ್ತಿಗೆ ನಿಂತಿತು, ಎಷ್ಟು ಹೊತ್ತು ನಿಂತಿತು, ಆಗ ಮನೆಯಲ್ಲಿ ಏನು ನಡೆಯುತ್ತಿತ್ತು ಎಂದು ಮೂರು ಗೆರೆ ಎಳೆದುಕೊಂಡೆ. ಮೊದಲ ದಿನವೇ ಮೂರನೆಯ ಜಾಗದಲ್ಲಿ ‘ಅಮ್ಮ, ವಿಡಿಯೋ’ ಎಂದು ಬರೆದೆ. ಎರಡನೆಯ ದಿನವೂ ಅದೇ. ಆಮೇಲೆ ನೋಡಿ ಬರೆಯುವುದನ್ನೇ ಬಿಟ್ಟು, ನಿಂತಾಗಲೆಲ್ಲ ‘ಅಮ್ಮ, ವಿಡಿಯೋ’ ಎಂದು ಗೀಚುತ್ತಾ ಹೋದೆ. ಅವಳ ಕರೆ ಎಂಟೂಕಾಲಿಗೇ ಮುಗಿಯುತ್ತಿತ್ತು, ತೊಂದರೆ ಹನ್ನೊಂದೂವರೆಯ ತನಕ ಇರುತ್ತಿತ್ತು. ಆ ಲೆಕ್ಕ ಕೂಡದಿದ್ದಾಗ, ಮೆಸೇಜು ಕಳಿಸುತ್ತಿರಬೇಕು ಎಂದು ನಾನೇ ಕೂಡಿಸಿದೆ. ಒಂದು ವಿಡಿಯೋ ಕಾಲಿಗೆಲ್ಲ ಹೀಗೆ ಆಗುವುದಿಲ್ಲ ಮೇಡಂ ಎಂದು ಕಂಪ್ಲೇಂಟಿನವರು ಫೋನಿನಲ್ಲೇ ಹೇಳಿದ್ದರು. ಅವರಿಗೇನು ಗೊತ್ತು ಅಂದುಕೊಂಡೆ.

ಮಾರ್ಚಿನಲ್ಲಿ ಚಿಕ್ಕಮ್ಮನ ಮೊಮ್ಮಗುವಿನ ತೊಟ್ಟಿಲ ಶಾಸ್ತ್ರಕ್ಕೆಂದು ಅಮ್ಮ ಎರಡು ದಿನ ಬೆಂಗ್ರೆಗೆ ಹೋದಳು. ಆ ಎರಡು ಬೆಳಗ್ಗೆ ನನ್ನ ಲೈನು ಒಮ್ಮೆಯೂ ನಿಲ್ಲಲಿಲ್ಲ. ನನಗೆ ಮೊದಲ ಸಾಕ್ಷಿ ಸಿಕ್ಕಿತು. ಬಟ್ಟೆಯನ್ನು ಮೆಷಿನ್ನಿಗೆ ಹಾಕಿ, ಹಿಂಡಿ ಬಂದದ್ದನ್ನು ಹಗ್ಗಕ್ಕೆ ಎಸೆದು, ನೋಟುಬುಕ್ಕಿನಲ್ಲಿ ‘ಅಮ್ಮ ಇಲ್ಲ, ತೊಂದರೆ ಇಲ್ಲ’ ಎಂದು ಬರೆದು ಕೆಳಗೆ ಗೆರೆ ಎಳೆದೆ.

ಎರಡನೆಯ ಸಾಕ್ಷಿ ಜೂನಿನಲ್ಲಿ ಬಂತು. ಮಳೆಗಾಲದ ಎರಡು ತಿಂಗಳು ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ದಕ್ಕೆ ಖಾಲಿ. ಚಿಕ್ಕಮ್ಮ ಮನೆಯಲ್ಲಿ ಒಣಮೀನು ಮಾರಿಕೊಂಡು ಇರುತ್ತಾಳೆ, ಅಮ್ಮನಿಗೆ ಬೆಳಗ್ಗೆ ಕರೆ ಇರುವುದಿಲ್ಲ. ಜೂನ್ ಒಂದನೇ ವಾರದಿಂದ ನನ್ನ ಇಂಟರ್ನೆಟ್ ಕನ್ನಡಿಯ ಹಾಗೆ ಸ್ವಚ್ಛವಾಯಿತು. ಹೊರಗೆ ಧೋ ಎಂದು ಮಳೆ ಹೊಯ್ಯುತ್ತಿದ್ದರೂ ಒಂದು ಮಾತೂ ತುಂಡಾಗಲಿಲ್ಲ. ಮೀನುಗಾರಿಕೆ ನಿಂತಿತು, ಕರೆ ನಿಂತಿತು, ತೊಂದರೆ ನಿಂತಿತು. ಬೋಟು ಮೇಲೆ ಬರುವ, ಇಳಿಯುವ ಲೆಕ್ಕದಲ್ಲೇ ವರ್ಷವನ್ನು ಎಣಿಸುವ ಮನೆಯಲ್ಲಿ ಹುಟ್ಟಿದವಳು ನಾನು. ಇದಕ್ಕಿಂತ ಗಟ್ಟಿ ಪುರಾವೆ ಇನ್ನೇನು ಬೇಕು ಅನ್ನಿಸಿತು. ಅದೇ ಎರಡು ತಿಂಗಳು ನಮ್ಮ ಮನೆಯಲ್ಲಿ ಇನ್ನೇನೇನು ನಿಂತಿರುತ್ತದೆ ಎಂದು ಯೋಚಿಸಲಿಲ್ಲ.

ಜುಲೈ ಕೊನೆಯ ದಿನಗಳಲ್ಲಿ ಅಮ್ಮನ ಮುಖದಲ್ಲಿ ಕಳೆ ಬಂದಿತ್ತು. ಬೋಟಿಗೆ ಐಸ್ ತುಂಬಿಸುತ್ತಿದ್ದಾರಂತೆ, ಈ ಸಲ ಬಂಗುಡೆ ಚೆನ್ನಾಗಿ ಬೀಳುತ್ತದಂತೆ ಎಂದು ಊಟದ ಹೊತ್ತಿಗೆ ಹೇಳುತ್ತಿದ್ದಳು. ಆಗ ನಾನು ನೋಟುಬುಕ್ ತಂದು ಅವಳ ಮುಂದಿಟ್ಟೆ. ಓದಲು ಅವಳಿಗೆ ಅಷ್ಟಾಗಿ ಬರುವುದಿಲ್ಲ. ನಾನೇ ಓದಿ ಹೇಳಿದೆ. ಇಷ್ಟು ದಿನ, ಇಷ್ಟು ಸಲ, ಎಲ್ಲ ನಿನ್ನ ವಿಡಿಯೋದಿಂದ, ನನ್ನ ಕೆಲಸ ಹೋಗುವುದರಲ್ಲಿ ಉಂಟು ಎಂದೆ. ದನಿ ಏರಿಸಿರಲಿಲ್ಲ. ಗಿರಾಕಿಗಳೊಡನೆ ಮಾತಾಡುವ ಆ ನಯವಾದ ದನಿಯಲ್ಲೇ ಹೇಳಿದ್ದೆ. ಮನೆಯಲ್ಲಿ ನಾವು ಆಡುವುದು ತುಳು. ಅವಳು ಅಂದದ್ದನ್ನು ಕನ್ನಡಕ್ಕೆ ತಂದರೆ ಇಷ್ಟೇ:

“ನಾನು ಮೀನು ನೋಡಿದ್ರೆ ನಿನ್ನ ಕೆಲಸ ಹೋಗ್ತದಾ ಮಗಾ? ಹಾಗಾದ್ರೆ ಬೇಡ. ನಾನು ಇನ್ನು ಮಾಡುದಿಲ್ಲ.”

ಒಂದು ಮಾತಿನ ಜಗಳವನ್ನಾದರೂ ನಾನು ನಿರೀಕ್ಷಿಸಿದ್ದೆ. ಅವಳು ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಸಲೀಸಾಗಿ ಮುಗಿಯಿತಲ್ಲ ಎಂದು ನನಗೆ ಹಾಯೆನಿಸಿತು. ಬರೆಯುವಾಗ ನಾಚಿಕೆಯಾಗುತ್ತದೆ, ಆದರೆ ಆಗ ಹಾಯೆನಿಸಿದ್ದು ನಿಜ.

ಆಗಸ್ಟಿನಲ್ಲಿ ಬೋಟುಗಳು ಇಳಿದವು. ಬೆಳಗ್ಗೆ ಎಂಟಕ್ಕೆ ಅಡುಗೆಮನೆಯಲ್ಲಿ ಫೋನ್ ಬಡಿದುಕೊಳ್ಳುವುದು, ಬಡಿದುಕೊಂಡು ನಿಲ್ಲುವುದು ನನಗೂ ಕೇಳಿಸುತ್ತಿತ್ತು. ಐದಾರು ದಿನ ಹಾಗಾಯಿತು. ಆಮೇಲೆ ಅದೂ ನಿಂತಿತು. ಗೇಟಿನ ಬಳಿ ಬಂದು ಕೇಳಿದ ಹೆಂಗಸರಿಗೆ ಅಮ್ಮ, ಮೊಣಕಾಲು ತೀರಾ ಸರಿ ಇಲ್ಲ, ಕೂತು ಏಳಲಿಕ್ಕೆ ಆಗುವುದಿಲ್ಲ ಎನ್ನುತ್ತಿದ್ದಳು. ತಂಗಿಗೂ ಒಮ್ಮೆ ಅದನ್ನೇ ಹೇಳಿ ಮುಗಿಸಿದ್ದಳಂತೆ. ಇಡೀ ಆಗಸ್ಟ್, ಇಡೀ ಸೆಪ್ಟೆಂಬರ್ ನನ್ನ ಲೈನು ಒಮ್ಮೆಯೂ ಕೈಕೊಡಲಿಲ್ಲ. ಸೂಪರ್‌ವೈಸರ್ ಹೊಗಳಿದರು. ನಾನು ಗೆದ್ದಿದ್ದೆ. ಅಮ್ಮ ಬೆಳಗ್ಗೆ ಟಿ.ವಿ. ಹಾಕಿ, ನನಗೆ ತೊಂದರೆ ಆಗಬಾರದೆಂದು ದನಿ ಪೂರ್ತಿ ಇಳಿಸಿ, ಬಾಯಿ ಅಲ್ಲಾಡುವ ಮುಖಗಳನ್ನು ನೋಡುತ್ತಾ ಕೂರುತ್ತಿದ್ದಳು.

ಅಕ್ಟೋಬರಿನಲ್ಲಿ ಮಳೆ ಹಿಂದೆ ಸರಿದು ಒಳ್ಳೆಯ ಬಿಸಿಲು ಬಿತ್ತು. ಒಂದು ಸೋಮವಾರ ಬೆಳಗ್ಗೆ ಎಂಟೂಮುಕ್ಕಾಲಿಗೆ ಗಿರಾಕಿಯ ಮಾತು ಅರ್ಧಕ್ಕೆ ನಿಂತಿತು. ಮೂರು ಸೆಕೆಂಡು ಮೌನ. ದಡಬಡ. ನನಗೆ ನೆತ್ತಿಗೇರಿತು. ಹೆಡ್‌ಸೆಟ್ಟನ್ನು ಕುತ್ತಿಗೆಗೆ ಇಳಿಸಿಕೊಂಡು ಅಡುಗೆಮನೆಗೆ ನುಗ್ಗಿದೆ. ಅಲ್ಲಿ ಅವಳಿರಲಿಲ್ಲ. ಅಂಗಳಕ್ಕೆ ಹೋದೆ. ಅಮ್ಮ ಒಗೆದ ಬೆಡ್‌ಶೀಟನ್ನು ಹಗ್ಗದ ಮೇಲೆ ಹರವುತ್ತಿದ್ದಳು. ನೀರು ತೊಟತೊಟ ಇಳಿಯುತ್ತಿತ್ತು, ಎರಡೂ ಕೈ ಒದ್ದೆ.

ಪುನಃ ಶುರು ಮಾಡಿದೆಯಲ್ಲ ಎಂದು ಕೇಳಿದೆ. ಏನನ್ನು ಎಂದು ಅವಳಿಗೆ ತಿಳಿಯಲೇ ಇಲ್ಲ. ಫೋನ್ ಎಲ್ಲಿ ಎಂದೆ. ಒಳಗೆ ಉಂಟಲ್ಲ, ಸಕ್ಕರೆ ಡಬ್ಬದ ಹತ್ತಿರ ಎಂದಳು. ನಾನು ಒಳಗೆ ಹೋಗಿ ಫೋನ್ ತಂದು ಅವಳ ಎದುರೇ ತೆರೆದು ನೋಡಿದೆ. ಜುಲೈಯಿಂದ ಈಚೆಗೆ ಬೆಳಗ್ಗಿನ ಹೊತ್ತು ಅವಳು ಮಾಡಿದ ಅಥವಾ ಎತ್ತಿದ ಕರೆ ಒಂದೂ ಇಲ್ಲ. ಆಗಸ್ಟಿನ ಮೊದಲ ವಾರದಲ್ಲಿ ಚಿಕ್ಕಮ್ಮನಿಂದ ಬಂದು ಎತ್ತದೆ ಉಳಿದ ಕರೆಗಳು ಸಾಲಾಗಿ ಕೆಂಪಗೆ ಇದ್ದವು. ಅದರ ಮೇಲೆ ಏನೂ ಇಲ್ಲ. ಅಲ್ಲಿಗಾದರೂ ನಾನು ಬಾಯಿ ಮುಚ್ಚಬೇಕಿತ್ತು.

“ಮಾಡಿ ಮಾಡಿ ಡಿಲೀಟ್ ಮಾಡ್ತೀಯಾ?” ಎಂದೆ.

ಡಿಲೀಟ್ ಎಂದರೆ ಏನೆಂದು ಅವಳಿಗೆ ಗೊತ್ತಿಲ್ಲ. ಆದರೆ ನಾನು ಅವಳನ್ನು ಸುಳ್ಳಿ ಎನ್ನುತ್ತಿದ್ದೇನೆ ಎಂಬುದು ಗೊತ್ತಾಯಿತು. ಮೂವತ್ತು ವರ್ಷ ಹಳಸಿದ ಮೀನನ್ನು ತಾಜಾ ಎಂದು ಒಮ್ಮೆಯೂ ಹೇಳದ ಹೆಂಗಸು ನನ್ನ ಮುಖವನ್ನೇ ನೋಡಿದಳು. ಬಕೆಟಿಗೆ ಬಗ್ಗಿ ಇನ್ನೊಂದು ಬಟ್ಟೆ ಎತ್ತಿಕೊಂಡಳು.

ಮೂರು ದಿನ ಹಾಗೆಯೇ ಕಳೆಯಿತು. ಅಮ್ಮ ಕರೆ ಮಾಡುತ್ತಿಲ್ಲ ಎಂದು ಕಣ್ಣಾರೆ ನೋಡಿದ್ದರೂ ಬೆಳಗ್ಗೆ ಬೆಳಗ್ಗೆ ತೊಂದರೆ ತಪ್ಪಲಿಲ್ಲ. ಕೊನೆಗೆ ಕಂಪ್ಲೇಂಟ್ ಕೊಡುವಾಗ, ಬರುವುದಾದರೆ ಒಂಬತ್ತು ಗಂಟೆಗೆ ಬನ್ನಿ, ಮಧ್ಯಾಹ್ನ ಬರುವುದಾದರೆ ಬರಲೇಬೇಡಿ ಎಂದು ಜಗಳ ಮಾಡಿದೆ. ಈ ಸಲ ಬಂದವರು ಹೊಸಬರು, ಐವತ್ತರ ಆಸುಪಾಸಿನ ಬ್ಯಾರಿ ಮುಸಲ್ಮಾನರು. ಕೂಳೂರಿನವರಂತೆ, ಹದಿನೈದು ವರ್ಷ ಗಲ್ಫಿನಲ್ಲಿ ಕೇಬಲ್ ಕೆಲಸವನ್ನೇ ಮಾಡಿ ವಾಪಸು ಬಂದವರು. ಅವರು ಲ್ಯಾಪ್‌ಟಾಪನ್ನು ನೋಡಲೇ ಇಲ್ಲ. ರೂಟರಿನಿಂದ ವಯರು ಕಳಚಿ, ಪೆನ್ನಿನಂಥದ್ದೊಂದನ್ನು ಅದರ ತುದಿಗೆ ಚುಚ್ಚಿದರು. ವಯರಿನ ಒಳಗಿರುವುದು ಗಾಜಿನ ಎಳೆ, ಇದರಿಂದ ಕೆಂಪು ಬೆಳಕು ಅದರೊಳಗೆ ಹೋಗುತ್ತದೆ, ವಯರು ಎಲ್ಲಿ ಮುರಿದಿದೆಯೋ ಬಗ್ಗಿದೆಯೋ ಅಲ್ಲಿ ಬೆಳಕು ಹೊರಗೆ ಸೋರುತ್ತದೆ ಎಂದು ವಿವರಿಸಿ, ವಯರಿನ ಜಾಡು ಹಿಡಿದು ಅಂಗಳಕ್ಕೆ ಹೋದರು. ನಾನು ಹಿಂದೆಯೇ ಹೋದೆ. ಅಮ್ಮ ಹಗ್ಗದ ಬಳಿ ಖಾಲಿ ಬಕೆಟ್ ಹಿಡಿದು ನಿಂತಿದ್ದಳು.

ಅಂಗಳದ ಮೂಲೆಯಲ್ಲಿ ಒಂದು ಕಬ್ಬಿಣದ ಪೈಪು. ರಸ್ತೆಯ ಕಂಬದಿಂದ ಬಂದ ವಯರು ಆ ಪೈಪಿಗೆ ತಾಗಿಕೊಂಡು ಕಿಟಕಿಗೆ ಬರುತ್ತದೆ. ಬಟ್ಟೆ ಒಣಹಾಕುವ ಹಗ್ಗದ ಒಂದು ತುದಿಯೂ ಅದೇ ಪೈಪಿಗೆ. ಒದ್ದೆ ಬೆಡ್‌ಶೀಟು, ಸೀರೆ, ನನ್ನ ಚೂಡಿದಾರುಗಳ ಭಾರಕ್ಕೆ ಹಗ್ಗ ಜಗ್ಗಿ ಪೈಪು ಒಂದಿಷ್ಟು ಒಳಕ್ಕೆ ವಾಲಿತ್ತು. ವಾಲಿದ ಕಡೆ, ಪೈಪಿಗೆ ಬಿಗಿದಿದ್ದ ವಯರು ಚೂಪಾಗಿ ಮಡಚಿಕೊಂಡಿತ್ತು. ಅವರು ಅಂಗೈ ಅಡ್ಡ ಹಿಡಿದು ನೆರಳು ಮಾಡಿ ತೋರಿಸಿದರು. ಅಲ್ಲಿ ಕೆಂಪು ಬೆಳಕು ಸೋರುತ್ತಿತ್ತು. ಬೆಡ್‌ಶೀಟನ್ನು ಹಗ್ಗದಿಂದ ಎತ್ತಿದರು, ಬೆಳಕು ಆರಿತು. ಪುನಃ ಹಾಕಿದರು, ಹೊತ್ತಿಕೊಂಡಿತು.

“ಇದೇ ನೋಡಿ ಮೇಡಂ ನಿಮ್ಮ ತೊಂದರೆ. ಬಟ್ಟೆ ಒಣಗಿದ ಮೇಲೆ ಭಾರ ಇಲ್ಲ, ಪೈಪ್ ನೆಟ್ಟಗಾಗ್ತದೆ. ನಮ್ಮವರು ಬರುವಾಗ ಮಧ್ಯಾಹ್ನ, ಎಲ್ಲ ಸರಿ. ಈ ಕಟ್ಟು ಎಂತಕ್ಕೆ ಇಷ್ಟು ಬಿಗಿ? ಯಾರು ಹಾಕಿದ್ದು?”

ಹಾಕಿದ್ದು ನಾನು. ಹಿಂದಿನ ಡಿಸೆಂಬರಿನಲ್ಲಿ ಹಳೆಯ ತಂತಿ ತುಕ್ಕು ಹಿಡಿದು ತುಂಡಾದಾಗ, ಅಂಗಡಿಯ ಹಗ್ಗಕ್ಕೆ ಜೀವ ಇಲ್ಲ ಎಂದು ಬೆಂಗ್ರೆಗೆ ಹೋಗಿ ಬೋಟಿನ ಹಗ್ಗ ತಂದು ಎಳೆದು ಕಟ್ಟಿದವಳು ನಾನು. ಜೋಲುತ್ತಿದ್ದ ಇಂಟರ್ನೆಟ್ ವಯರನ್ನು, ಅಪ್ಪ ಕಲಿಸಿದ ಗಂಟಿನಿಂದ, ಬಲೆ ಹೆಣೆಯುವ ನೂಲಿನಲ್ಲಿ ಪೈಪಿಗೆ ಬಿಗಿದವಳೂ ನಾನು. ಎಳೆದಷ್ಟೂ ಬಿಗಿಯುವ ಗಂಟು ಅದು. ಬೋಟಿನ ಮನೆಯವಳು ಎಂದು ಬೀಗಿಕೊಂಡೇ ಕಟ್ಟಿದ್ದೆ.

ಒಂದೊಂದಾಗಿ ಎಲ್ಲ ತಲೆಗೆ ಬಂತು. ಅಮ್ಮ ಬೆಂಗ್ರೆಗೆ ಹೋದ ಎರಡು ದಿನ ಬಟ್ಟೆ ಮೆಷಿನ್ನಿನಲ್ಲಿ ಹಿಂಡಿ ಹಗುರವಾಗಿ ಬಂದಿತ್ತು. ಮಳೆಗಾಲವಿಡೀ ಬಟ್ಟೆ ಒಣಗಿದ್ದು ಮನೆಯೊಳಗೆ, ಫ್ಯಾನಿನ ಕೆಳಗೆ. ಬೋಟುಗಳೂ ನಮ್ಮ ಹಗ್ಗವೂ ಒಂದೇ ಮಳೆಗೆ ರಜೆ ಹಾಕಿದ್ದವು. ನಾನು ಬೋಟುಗಳನ್ನು ಮಾತ್ರ ನೋಡಿದ್ದೆ.

ಅಮ್ಮ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವಳು ಈಗ ನನ್ನ ಕಡೆ ತಿರುಗಿ ಎರಡು ಮಾತು ಬೈಯಲಿ ಎಂದು ಕಾದೆ. ಬೈದಿದ್ದರೆ ನಾನು ಬದುಕುತ್ತಿದ್ದೆ. ಅವಳು ಬಕೆಟ್ಟನ್ನು ಕೆಳಗಿಟ್ಟು ಗಡಿಬಿಡಿಯಲ್ಲಿ ಹಗ್ಗದಿಂದ ಒದ್ದೆ ಬಟ್ಟೆಗಳನ್ನು ಒಂದೊಂದೇ ಎಳೆದು ಅದರೊಳಗೆ ತುಂಬತೊಡಗಿದಳು.

“ಹಾಗಾದ್ರೆ ನನ್ನಿಂದಲೇ ಆದದ್ದಲ್ವಾ ಮಗಾ? ನಂಗೆ ಗೊತ್ತೇ ಆಗಲಿಲ್ಲ” ಎಂದಳು.

ಅಲ್ಲಮ್ಮ, ಅಲ್ಲ ಎಂದು ಅವಳ ಕೈ ಹಿಡಿದುಕೊಂಡೆ. ಇಡೀ ದಿನ ಸಾರಿ ಎನ್ನುವುದೇ ನನ್ನ ಕೆಲಸ, ಗುರುತಿಲ್ಲದವರಿಗೆ, ನಾನು ಮಾಡದ ತಪ್ಪಿಗೆ. ಆ ಹೊತ್ತಿಗೆ ಒಂದು ಸಾರಿ ಕೂಡ ಬಾಯಿಗೆ ಬರಲಿಲ್ಲ. ಕೇಬಲಿನವರು ಮುಖ ಆ ಕಡೆ ತಿರುಗಿಸಿಕೊಂಡು, ನೂಲನ್ನು ಕತ್ತರಿಸಿ, ವಯರನ್ನು ಗೋಡೆಗೆ ಬೇರೆಯಾಗಿ ಕ್ಲಿಪ್ಪು ಹೊಡೆದು, ಹತ್ತು ನಿಮಿಷದಲ್ಲಿ ಕೆಲಸ ಮುಗಿಸಿ ಹೊರಟರು.

ಆ ಭಾನುವಾರ ನಾನು ಫೆರಿ ಹತ್ತಿ ಬೆಂಗ್ರೆಗೆ ಹೋದೆ. ಚಿಕ್ಕಮ್ಮ ನೀರು ಕೊಟ್ಟಳು, ಮುಖ ಕೊಡಲಿಲ್ಲ. ಮೊಣಕಾಲು ಬರೀ ನೆಪ, ಅಕ್ಕ ದೊಡ್ಡ ಮನೆ ಸೇರಿದ ಮೇಲೆ ತಂಗಿಯ ಮೀನಿಗೆ ನಾಚುತ್ತಿದ್ದಾಳೆ ಎಂದೇ ಅವಳು ತಿಳಿದುಕೊಂಡಿದ್ದಳು. ನಡೆದದ್ದನ್ನೆಲ್ಲ ಹೇಳಿದೆ, ಡಿಲೀಟ್ ಎಂದದ್ದನ್ನೂ ಬಿಡದೆ ಹೇಳಿದೆ.

“ಮಗಳು ಬೇಡ ಹೇಳಿದ್ದು ಅಂತ ಒಂದು ಮಾತು ಹೇಳಿದ್ರೆ ನಾನು ಕಾಯ್ತಿದ್ದೆ. ನಿನ್ನ ಹೆಸರು ಹಾಳಾಗ್ತದೆ ಅಂತ ಕಾಲಿನ ಮೇಲೆ ಹಾಕಿದ್ದಾಳೆ” ಎಂದಳು. ಶಕ್ತಿನಗರದ ಕಡೆಗೆ ಹೋಗುವ ಮೀನನ್ನು ಅವಳು ಸೆಪ್ಟೆಂಬರಿನಲ್ಲೇ ಇನ್ನೊಬ್ಬ ಹೆಂಗಸಿಗೆ ಕೊಡುವುದಾಗಿ ಮಾತು ಕೊಟ್ಟಾಗಿತ್ತು. ಆ ಹೆಂಗಸಿಗೂ ಮನೆ, ಮಕ್ಕಳು ಇದ್ದಾರೆ. ಕೊಟ್ಟ ಮಾತನ್ನು ಹಿಂದೆ ತೆಗೆದುಕೋ ಎಂದು ಕೇಳುವ ಮುಖ ನನಗಿರಲಿಲ್ಲ. ಇಪ್ಪತ್ತು ಮನೆಗಳೂ ಈಗ ಆ ಹೆಂಗಸಿನ ಸ್ಕೂಟರಿನಿಂದಲೇ ಮೀನು ತೆಗೆದುಕೊಳ್ಳುತ್ತವೆ. ನಮ್ಮ ಗೇಟಿನ ಎದುರೇ ಹಾರ್ನ್ ಹಾಕಿಕೊಂಡು ಹೋಗುತ್ತಾಳೆ. ಅಮ್ಮ ಅವಳಿಂದಲೇ ಒಂದು ಹಿಡಿ ಬೂತಾಯಿ ಕೊಳ್ಳುತ್ತಾಳೆ. ಆ ಬೂತಾಯಿಯ ಹೊಟ್ಟೆಯನ್ನು ಅವಳು ಒತ್ತಿ ನೋಡುವುದಿಲ್ಲ.

ಅಕ್ಕತಂಗಿಯರು ಈಗ ಮೊದಲಿನ ಹಾಗೇ ಇದ್ದಾರೆ. ವಾರದಲ್ಲಿ ಎರಡು ಮೂರು ಸಲ, ವ್ಯಾಪಾರವಿಲ್ಲದಿದ್ದರೂ, ಒಳ್ಳೆಯ ಮೀನು ಬಿದ್ದ ದಿನ ಚಿಕ್ಕಮ್ಮ ದಕ್ಕೆಯಿಂದ ಅಮ್ಮನಿಗೆ ವಿಡಿಯೋ ಕಾಲ್ ಮಾಡುತ್ತಾಳೆ, ಸುಮ್ಮನೆ ತೋರಿಸಲು. ಅಡುಗೆಮನೆಯಲ್ಲಿ ಫೋನ್ ಬಡಿದುಕೊಳ್ಳುತ್ತದೆ. ಅಮ್ಮ ಎತ್ತುವುದಿಲ್ಲ. ಅದನ್ನು ಕೈಯಲ್ಲಿ ಹಿಡಿದುಕೊಂಡು, ಗೋಡೆಗೆ ಇನ್ನೊಂದು ಕೈ ಊರಿಕೊಂಡು, ನನ್ನ ಕೋಣೆಯ ಬಾಗಿಲ ತನಕ ನಡೆದು ಬರುತ್ತಾಳೆ. ನಾನು ಮಾತಿನ ನಡುವೆ ಇದ್ದರೆ ಅಲ್ಲೇ ನಿಂತು ಕಾಯುತ್ತಾಳೆ, ಫೋನು ಅವಳ ಮುಷ್ಟಿಯಲ್ಲಿ ಬಡಿದುಕೊಳ್ಳುತ್ತಲೇ ಇರುತ್ತದೆ. ನಾನು ತಲೆ ಎತ್ತಿದ ಮೇಲೆ ಮೆಲ್ಲ ಕೇಳುತ್ತಾಳೆ:

“ಎತ್ತಬಹುದಾ ಮಗಾ? ನಿನಗೆ ತೊಂದರೆ ಉಂಟಾ?”

ಕೇಳಬೇಡ, ಯಾವಾಗ ಬೇಕಾದರೂ ಎತ್ತು ಎಂದು ಎಷ್ಟೋ ಸಲ ಹೇಳಿದ್ದೇನೆ. ಆಗಲಿ ಎನ್ನುತ್ತಾಳೆ. ಮುಂದಿನ ಸಲ ಪುನಃ ಬಾಗಿಲಲ್ಲಿ ನಿಂತಿರುತ್ತಾಳೆ. ಹೆಚ್ಚಿನ ದಿನ ನಾನು ಎತ್ತಮ್ಮ ಎನ್ನುವಷ್ಟರಲ್ಲಿ ರಿಂಗು ನಿಂತಿರುತ್ತದೆ. ಇರಲಿ ಬಿಡು ಎಂದು ಅಮ್ಮ ಅಡುಗೆಮನೆಗೆ ಹಿಂತಿರುಗುತ್ತಾಳೆ.